ಮೂರು ತುಳಿತದ ಕಾರು

ನಮ್ಮ ಕಾರಿನ ಬ್ರೇಕನ್ನು ಮೂರು ಸಲ ತುಳಿಯಬೇಕಿತ್ತು. ಮೊದಲನೇ ಸಲ ಪೆಡಲ್ಲು ನೆಲ ಮುಟ್ಟುತ್ತಿತ್ತು, ಎರಡನೇ ಸಲ ಅರ್ಧಕ್ಕೆ ತಡೆಯುತ್ತಿತ್ತು, ಮೂರನೇ ಸಲಕ್ಕೆ ಕಾರು ನಿಲ್ಲುತ್ತಿತ್ತು. ಇದನ್ನು ನಾನು ದೋಷವೆಂದು ಎಣಿಸಿರಲಿಲ್ಲ. ಹಳೆಯ ಪುಸ್ತಕಗಳಿಗೆ ಬೈಂಡು ಹಾಕಿ ಬದುಕುವವನು ನಾನು. ನಾಲ್ಕು ಹಾಳೆ ಉದುರಿದವೆಂದು ಪುಸ್ತಕವನ್ನೇ ಎಸೆಯುವವರ ಪೈಕಿ ಅಲ್ಲ. ತಿಂಗಳಿಗೊಮ್ಮೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಸುರಿಯುತ್ತಿದ್ದೆ. ಬರಬರುತ್ತಾ ಅದು ವಾರಕ್ಕೊಮ್ಮೆ ಆಯಿತು. ಸುರಿದದ್ದು ಎಲ್ಲಿಗೆ ಹೋಗುತ್ತದೆಂದು ಕೇಳಿಕೊಳ್ಳಲಿಲ್ಲ. ಕಾರಿನ ಕೆಳಗೆ ಒಂದು ತೊಟ್ಟೂ ಬಿದ್ದಿರಲಿಲ್ಲವಾದ್ದರಿಂದ ಕುಡಿದು ಜೀರ್ಣಿಸಿಕೊಳ್ಳುತ್ತಿದೆ ಎಂದುಕೊಂಡಿದ್ದೆ.

ಮನೆಯವರೆಲ್ಲ ಇದಕ್ಕೆ ಒಗ್ಗಿಹೋಗಿದ್ದರು, ಅತ್ತೆಯೊಬ್ಬರನ್ನು ಬಿಟ್ಟು. ನನ್ನ ಹೆಂಡತಿಯ ತಾಯಿ ಅವರು, ನಮ್ಮ ಜೊತೆಗೇ ಇರುತ್ತಾರೆ. ಡ್ರೈವಿಂಗ್ ಬಾರದು. ಆದರೆ ಹಿಂದಿನ ಸೀಟಿನಲ್ಲಿ ಕೂತು, ಎದುರಿಗೆ ಏನು ಅಡ್ಡ ಬಂದರೂ ಬಲಗಾಲಿನಿಂದ ನೆಲವನ್ನು ಬಲವಾಗಿ ಒಮ್ಮೆ ಒತ್ತಿ ಹಿಡಿಯುತ್ತಾರೆ.

"ಅಲ್ಲಿ ಬ್ರೇಕ್ ಇಲ್ಲ ಅತ್ತೆ" ಎಂದರೆ, "ಅಲ್ಲೂ ಇಲ್ವಲ್ಲ ಅಳಿಯಂದ್ರೇ" ಎನ್ನುತ್ತಾರೆ.

ಮಗಳಿಗೆ ಡ್ರೈವಿಂಗ್ ಕಲಿಸಿದ್ದು ನಾನೇ, ಇದೇ ಕಾರಿನಲ್ಲಿ. ಒಂದು, ಎರಡು, ಮೂರು ಎಂದು ಎಣಿಸಿ ಕಲಿಸಿದೆ. ಅವಳಿಗೆ ದನಕರು, ನಾಯಿಬೆಕ್ಕುಗಳ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿನ ವ್ಯಾನನ್ನು ಓಡಿಸಿಕೊಂಡು ಡಾಕ್ಟರ ಜೊತೆ ಮನೆಮನೆಗೆ ಹೋಗಬೇಕು. ತಿಂಗಳ ಕೊನೆಯೊಳಗೆ ಲೈಸೆನ್ಸ್ ತಂದರೆ ಕೆಲಸ, ಇಲ್ಲದಿದ್ದರೆ ಪಟ್ಟಿಯಲ್ಲಿ ಮುಂದಿನ ಹೆಸರಿನವರಿಗೆ ಎಂದು ಖಡಾಖಂಡಿತವಾಗಿ ಹೇಳಿದ್ದರು.

ಮೊದಲ ಪರೀಕ್ಷೆಯಲ್ಲಿ ಫೇಲಾದಳು. ಎರಡನೆಯದರಲ್ಲೂ. ಪರೀಕ್ಷೆ ನಡೆಯುವುದು ಲೈಸೆನ್ಸ್ ಕೊಡುವ ಆಫೀಸಿನದೇ ಕಾರಿನಲ್ಲಿ. ಎರಡು ಸಲವೂ ನಾನು ಕಾಂಪೌಂಡಿನಾಚೆ ನಿಂತು ನೋಡಿದ್ದೆ. ನಿಲ್ಲಿಸುವಾಗ ಕಾರಿನ ಹಿಂದಿನ ಕೆಂಪು ದೀಪ ಮೂರು ಸಲ ಹೊತ್ತಿ ಆರುತ್ತಿತ್ತು. ಹೇಳಿಕೊಟ್ಟದ್ದನ್ನು ಒಂದಿಷ್ಟೂ ಮರೆತಿಲ್ಲವಲ್ಲ ಎಂದು ಹೆಮ್ಮೆಪಟ್ಟೆ. ಪರೀಕ್ಷಕರು ಮೂಗು ಹಿಡಿದುಕೊಂಡು ಇಳಿದರು. ನೆಗಡಿಯಿರಬೇಕು ಅಂದುಕೊಂಡೆ.

ಎರಡನೇ ಸಲ ಅವರು ಕೊಟ್ಟ ಕಾಗದವನ್ನು ಹೆಂಡತಿ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದಳು. "ನಿಲ್ಲಿಸುವಾಗ ವಿನಾಕಾರಣ ಮೂರು ಸಲ ಬ್ರೇಕ್ ತುಳಿಯುತ್ತಾರೆ, ಪಕ್ಕದಲ್ಲಿ ಕೂತವರಿಗೆ ಅಪಾಯ, ಅಂತ ಬರೆದಿದ್ದಾರೆ. ಫೇಲಾಗಿರೋದು ಅವಳಲ್ಲ ರೀ, ನೀವು."

ಮಗಳು ನನ್ನ ಕಡೆ ನೋಡಿ, "ಎಲ್ಲಾ ಕಾರೂ ಹಾಗೇ ಇರತ್ತೆ ಅಂದ್ಕೊಂಡಿದ್ದೆ ಅಪ್ಪ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ಮಾತ್ರ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮೂರನೇ ಪರೀಕ್ಷೆಗೆ ಒಂಬತ್ತು ದಿನ ಉಳಿದಿತ್ತು. ಅವಳ ಕಾಲಿಗೆ ಅಂಟಿದ ಚಾಳಿ ಬಿಡಬೇಕಾದರೆ ಸರಿಯಾದ ಬ್ರೇಕಿನ ಮೇಲೆ ಅಭ್ಯಾಸವಾಗಬೇಕು. ದೊಡ್ಡ ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಕಾರು ಹಳೆಯದು, ಬ್ರೇಕಿನ ಇಡೀ ಸರಂಜಾಮು ಬದಲಿಸಬೇಕು ಎಂದು, ಕಾರಿನ ಮುಖವನ್ನೂ ನೋಡದೆ ಒಂದು ಮೊತ್ತ ಹೇಳಿದರು. ಆ ದುಡ್ಡಿಗೆ ಇಂಥವೇ ಎರಡು ಕಾರು ಬರುತ್ತಿದ್ದವು.

ನಮ್ಮ ಬೀದಿಯ ತುದಿಯಲ್ಲಿ ಡಿಪೋ ಮೇಸ್ತ್ರಿ ಇದ್ದಾರೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ಮನೆ ಪಕ್ಕದ ಶೆಡ್ಡಿನಲ್ಲಿ ಈಗಲೂ ಕೈ ಕರಿ ಮಾಡಿಕೊಳ್ಳುತ್ತಾರೆ. ಮೂರು ತುಳಿತದ ಕಥೆ ಕೇಳಿ ಅವರು ನಗಲಿಲ್ಲ.

"ಓಡಿಸ್ಕೊಂಡು ಬರ್ಬೇಡಿ ಬೈಂಡಿನವ್ರೇ. ತಳ್ಕೊಂಡು ಬನ್ನಿ."

ಮಗಳು ಸ್ಟೀರಿಂಗಿಗೆ ಕೂತು ಹ್ಯಾಂಡ್ ಬ್ರೇಕ್ ಹಿಡಿದಳು. ಗಂಡಹೆಂಡಿರಿಬ್ಬರೂ ತಳ್ಳಿದೆವು. ಅತ್ತೆ ಹಿಂದಿನ ಸೀಟಿನಿಂದ ಇಳಿಯಲು ಒಪ್ಪಲಿಲ್ಲ. ತಳ್ಳುವ ಕಾರಿನಲ್ಲಿ ಮಾತ್ರ ತಮಗೆ ಭಯವಿಲ್ಲ ಎಂದರು.

ಮೇಸ್ತ್ರಿ ಏನನ್ನೂ ಬಿಚ್ಚಲಿಲ್ಲ. ಚಕ್ರಗಳಿಗೆ ಆಯಿಲ್ ಒಯ್ಯುವ ರಬ್ಬರ್ ಪೈಪುಗಳನ್ನು ಒಂದೊಂದಾಗಿ ಕ್ಲಾಂಪಿನಿಂದ ಅಮುಕಿ ಹಿಡಿದು, ಪ್ರತಿ ಸಲವೂ ಪೆಡಲ್ ತುಳಿದು ನೋಡಿದರು. ಹಿಂದಿನ ಪೈಪನ್ನು ಅಮುಕಿದಾಗ ಪೆಡಲ್ಲು ಕಲ್ಲಿನಂತೆ ನಿಂತಿತು.

"ಮುಂದೆ ಎಲ್ಲಾ ಸರಿ ಇದೆ. ಮೇನ್ ಸಿಲಿಂಡರೂ ಗಟ್ಟಿ. ಕಳ್ಳ ಇರೋದು ಹಿಂದೆ."

"ನಾನು ಏನೂ ಮುಟ್ಟಿಲ್ಲಪ್ಪ" ಎಂದರು ಅತ್ತೆ ಹಿಂದಿನಿಂದ.

ಹಿಂದಿನ ಚಕ್ರ ಕಳಚಿ ಡ್ರಮ್ ತೆಗೆದಾಗ ಒಳಗೆಲ್ಲ ಒದ್ದೆ. ನಾನು ವರ್ಷವಿಡೀ ಸುರಿದದ್ದರಲ್ಲಿ ಉಳಿದದ್ದು ಅಲ್ಲಿ ಕೂತು ನನ್ನ ಮುಖ ನೋಡುತ್ತಿತ್ತು. ಹೆಬ್ಬೆರಳಿನಷ್ಟು ದಪ್ಪದ ಸಿಲಿಂಡರೊಂದು ಸೋರುತ್ತಿತ್ತು. ಬೇಕಾದದ್ದು ಹಿಂದಿನ ಎರಡು ಚಕ್ರಕ್ಕೂ ಅಂಥ ಒಂದೊಂದು ಸಿಲಿಂಡರ್, ಚಕ್ರವನ್ನು ಒತ್ತಿ ನಿಲ್ಲಿಸುವ ಬ್ರೇಕ್ ಶೂಗಳ ಒಂದು ಸೆಟ್, ಹೊಸ ಆಯಿಲ್. ಸರ್ವಿಸ್ ಸೆಂಟರಿನವರು ಹೇಳಿದ್ದರಲ್ಲಿ ಹತ್ತನೇ ಒಂದು ಪಾಲೂ ಅಲ್ಲ. ಆದರೂ ಹುಟ್ಟುಗುಣ ಸುಮ್ಮನಿರಲಿಲ್ಲ.

"ಆ ಹಳೇ ಶೂಗಳನ್ನೇ ಒರೆಸಿ, ಒಣಗ್ಸಿ ಹಾಕಕ್ಕಾಗಲ್ವಾ?" ಎಂದು ಕೇಳಿದೆ.

"ಹಾಕ್ಬೋದು" ಎಂದು ಮೇಸ್ತ್ರಿ ಕೈ ಒರೆಸಿಕೊಂಡರು. "ನಿಮ್ಗೆ ಒಬ್ಳೇ ಮಗಳಾ, ಇನ್ನೂ ಇದ್ದಾರಾ?"

ನಾನು ಅಂಗಡಿಗೆ ಹೋಗಿ ಹೊಸ ಸೆಟ್ ತಂದೆ.

ಎಲ್ಲ ಜೋಡಿಸಿದ ಮೇಲೆ ಪೈಪಿನೊಳಗಿನ ಗಾಳಿ ತೆಗೆಯಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿದಾಗ ಇನ್ನೊಬ್ಬರು ಚಕ್ರದ ಬಳಿ ನಟ್ಟು ಸಡಿಲಿಸಿ, ಗಾಳಿ ಬಿಟ್ಟು, ಮತ್ತೆ ಬಿಗಿಯಬೇಕು. ಅಷ್ಟರ ತನಕ ಪೆಡಲಿನಿಂದ ಕಾಲೆತ್ತಬಾರದು. ನಾನು ಕೂತೆ. "ತುಳೀರಿ" ಎಂದರು ಮೇಸ್ತ್ರಿ. ಒಂದು, ಎರಡು, ಮೂರು. ಹೋದ ಗಾಳಿಯೆಲ್ಲ ವಾಪಸ್ಸು ಬಂತು. ಬೈದು ಎಬ್ಬಿಸಿದರು. ಮಗಳು ಕೂತಳು. ಒಂದು, ಎರಡು, ಮೂರು.

"ಇಡೀ ಮನೆತನಕ್ಕೇ ಅಂಟಿದೆಯಲ್ರೀ ಇದು" ಎಂದು ಮೇಸ್ತ್ರಿ ಸುತ್ತ ನೋಡಿ, "ಅಮ್ಮ, ನೀವು ಬನ್ನಿ" ಎಂದರು.

ಅತ್ತೆ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದು ಕೂತರು. ತುಳೀರಿ ಅಂದಾಗ ಒಮ್ಮೆ ಒತ್ತಿದರು, ಬಿಡಿ ಅನ್ನುವ ತನಕ ಬಿಡಲಿಲ್ಲ. ಅಷ್ಟು ವರ್ಷ ಬರಿಯ ನೆಲವನ್ನು ಒತ್ತಿದ ಕಾಲು ಅದು. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು. ಇಂಥವರು ಡಿಪೋದಲ್ಲಿ ಇರಬೇಕಿತ್ತು ಎಂದರು ಮೇಸ್ತ್ರಿ. ಆ ಮಾತನ್ನು ಅತ್ತೆ ಊಟದ ಹೊತ್ತಿಗೆ ಎರಡು ಸಲ ಹೇಳಿದರು.

ಉಳಿದ ದಿನಗಳಲ್ಲಿ ಮಗಳು ಆಟದ ಮೈದಾನದಲ್ಲಿ ಅಭ್ಯಾಸ ಮಾಡಿದಳು. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ, ಮೇಸ್ತ್ರಿಯವರನ್ನು ಕರೆದೊಯ್ದಳು. ನನ್ನನ್ನು ನೋಡಿದರೆ ಕಾಲು ಎಣಿಸುತ್ತದಂತೆ.

ಪರೀಕ್ಷೆಯ ದಿನ ಅತ್ತೆಯನ್ನೂ ಮಗಳನ್ನೂ ಕೂರಿಸಿಕೊಂಡು ನಾನೇ ಕಾರು ಓಡಿಸಿದೆ. ಪ್ರತಿ ಸಿಗ್ನಲ್ಲಿನಲ್ಲೂ ಕಾರು ಮೂರು ಸಲ ಮುಗ್ಗರಿಸಿತು.

ಕಾಂಪೌಂಡಿನಾಚೆ ನಿಂತೆ. ಕಂಬಿ ಹಿಡಿದುಕೊಂಡೆ. ಅಲ್ಲಿನ ಕಾರು ಮೈದಾನ ಸುತ್ತಿ ಬಿಳಿ ಗೆರೆಯ ಹತ್ತಿರ ಬಂತು. ಕೆಂಪು ದೀಪ ಹೊತ್ತಿತು. ಆರಲೇ ಇಲ್ಲ. ಕಾರು ಗೆರೆಯ ಮೇಲೆ ಸದ್ದಿಲ್ಲದೆ ನಿಂತಿತು. ನನ್ನ ಕಣ್ಣು ತುಂಬಿಬಂತು, ಮರೆಮಾಚಲೂ ಹೋಗಲಿಲ್ಲ. ಪರೀಕ್ಷಕರು ಮೂಗು ಹಿಡಿಯದೆ ಇಳಿದರು.

ಮಗಳು ಪಾಸಾದ ಕಾಗದ ಹಿಡಿದು ಬಂದಳು. ಇನ್ನೊಂದು ಕೈಯನ್ನು ನನ್ನ ಮುಂದೆ ಚಾಚಿದಳು.

"ಕೀ ಕೊಡು ಅಪ್ಪ. ನೀನು ಹಿಂದೆ ಕೂತ್ಕೋ, ಅಜ್ಜಿ ಪಕ್ಕ."

ಕೊಟ್ಟೆ. ಆ ಕಾರಿನ ಹಿಂದಿನ ಸೀಟಿನಲ್ಲಿ ನಾನು ಕೂತದ್ದು ಅದೇ ಮೊದಲು. ಮೊದಲ ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ಬಂತು. ಮಗಳು ಬ್ರೇಕ್ ಹಾಕಿದಳು, ಕಾರು ನಿಂತಿತು. ನೋಡಿದರೆ, ನನ್ನ ಬಲಗಾಲು ನೆಲವನ್ನು ಒಂದೇ ಸಮನೆ ತುಳಿಯುತ್ತಿತ್ತು, ಒಂದು, ಎರಡು, ಮೂರು.

ಅತ್ತೆ ನನ್ನ ಮಂಡಿಯ ಮೇಲೆ ಕೈಯಿಟ್ಟರು.

"ಒಂದು ಸಲ ಸಾಕು ಅಳಿಯಂದ್ರೇ" ಎಂದರು. "ಕೊನೇ ತನಕ ಒತ್ತಿ ಹಿಡ್ಕೋಬೇಕು, ಅಷ್ಟೇ."