ಮಡಿಲಲ್ಲಿರುವುದು ಲಗೇಜಲ್ಲ

ಕಣ್ಣಿನ ಪೊರೆ ತೆಗೆಸಿದ ಮೇಲೆ ನಮ್ಮಜ್ಜಿ ಅಂಜಿನಮ್ಮನಿಗೆ ಮೊದಲು ಕಂಡದ್ದು ಗೋಡೆಯ ಬಿರುಕು, ಆಮೇಲೆ ನನ್ನ ಮೊಡವೆ. ಎರಡರ ಬಗ್ಗೆಯೂ ಅಭಿಪ್ರಾಯ ಹೇಳಿ ಮುಗಿಸಿ ಅಪ್ಪನನ್ನು ಕರೆದಳು.

"ಕಣ್ಣು ಬಂತಲ್ಲ, ನೋಡ್ದೆ ಬಿಟ್ಟಿರೋದನ್ನೂ ನೋಡ್ಬಿಡಾನ. ಹೇಮಂಗೆ ಫೋನ್ ಮಾಡು."

ಹೇಮಶ್ರೀ ಅಜ್ಜಿಯ ಒಬ್ಬಳೇ ಮಗಳು, ನನಗೆ ಸೋದರತ್ತೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ, ಹಲಸೂರಿನ ನಮ್ಮ ಮನೆಯ ಮೇಲಿನ ರೂಮಿಗೆ ಕಲಬುರಗಿ ಕಡೆಯಿಂದ ಬಾಡಿಗೆಗೆ ಬಂದಿದ್ದ ಭೀಮು ಎಂಬುವವರ ಜೊತೆ ನಾಗಪುರಕ್ಕೆ ಹೋದಳು. ಹೋದಳು ಅಂದರೆ, ನಾವು ಬೆಳಿಗ್ಗೆ ಎದ್ದಾಗ ಇರಲಿಲ್ಲ. ರೂಮಿನ ಬೀಗದ ಕೈ ಕಿಟಕಿಯಲ್ಲಿತ್ತು. "ರೂಮು ಗುಡ್ಸಿಟ್ಟು ಹೋಗವ್ನೆ. ಅದೊಂದಕ್ಕೆ ಏನೂ ಅನ್ನಂಗಿಲ್ಲ" ಎಂದಿದ್ದಳು ಅಜ್ಜಿ. ಅದಾದ ಮೇಲೆ ಮಗಳ ಹೆಸರನ್ನು ಎತ್ತಿರಲಿಲ್ಲ.

ಅತ್ತೆ ಬಂದಳು. ಇದ್ದಷ್ಟು ದಿನ ತಾಯಿ ಮಗಳು ಕಣ್ಣಿಗೆ ಬಿಡುವ ಡ್ರಾಪ್ಸಿನ ಬಗ್ಗೆ ಮಾತ್ರ ಮಾತಾಡಿದರು. ಹೊರಡುವ ಬೆಳಿಗ್ಗೆ ಅಜ್ಜಿ ಮೊರ ಹಿಡಿದು ನಡುಮನೆಗೆ ಬಂದಳು. ಮೊರದಲ್ಲಿ ಅಕ್ಕಿ, ಬೆಲ್ಲ, ಅರಿಶಿನದ ಕೊಂಬು, ಎಲೆ ಅಡಿಕೆ, ಹಸಿರು ಬಳೆ, ಎರಡು ಗಿಟುಕು ಕೊಬ್ಬರಿ.

"ಮಡ್ಲು ತುಂಬ್ತೀನಿ. ಆಗ ತುಂಬಿರ್ಲಿಲ್ಲ" ಎಂದಳು.

ಅತ್ತೆ ತನ್ನ ಕಾಲು ನೋಡಿಕೊಂಡಳು. "ಅಮ್ಮ, ನಾನು ಪ್ಯಾಂಟ್ ಹಾಕ್ಕೊಂಡಿದೀನಿ."

"ಪ್ಯಾಂಟಿಗೆ ತುಂಬಕ್ಕಾಗಲ್ಲ. ಸೀರೆ ಉಟ್ಕೊಂಬಾ."

"ನನ್ ಟಿಕೆಟ್ಟಿಗೆ ಕ್ಯಾಬಿನ್ ಬ್ಯಾಗ್ ಒಂದೇ. ಏಳು ಕೆಜಿ. ಆಗ್ಲೇ ಏಳಾಗೋಗಿದೆ."

"ಮಡ್ಲಲ್ಲಿರೋದು ಲಗೇಜಲ್ಲ. ಬಸುರಿ ಹೆಂಗಸು ಬಂದ್ರೆ ಹೊಟ್ಟೇನ ತಕ್ಕಡಿಗೆ ಹಾಕ್ತಾರಾ?"

ಅತ್ತೆ ಸೀರೆ ಉಡಲು ಒಳಗೆ ಹೋದಳು. ಅವಳು ನಾಗಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್.

ಸೀರೆ ಉಟ್ಟು ಬಂದು ಇನ್ನೊಮ್ಮೆ ಪ್ರಯತ್ನಿಸಿದಳು. "ಕೊಬ್ಬರಿ ಮಾತ್ರ ಬಿಡಲ್ಲಮ್ಮ. ಅದ್ರಲ್ಲಿ ಎಣ್ಣೆ ಜಾಸ್ತಿ, ಬಿಸಿಯಾಗಿ ಹೊತ್ಕೋಬಹುದು ಅಂತ ರೂಲ್ಸ್."

"ನಮ್ ಡಬ್ಬದಲ್ಲಿ ಸಂಕ್ರಾಂತಿಯಿಂದ ಐತೆ. ಒಂದಿನಾನೂ ಹೊತ್ಕೊಂಡಿಲ್ಲ."

ಕೊಬ್ಬರಿಯೂ ಮಡಿಲಿಗೆ ಬಿತ್ತು. ಅಜ್ಜಿ ಸೆರಗನ್ನು ಸುತ್ತಿ ಸೊಂಟಕ್ಕೆ ಗಂಟು ಹಾಕಿ, "ಮನೆ ಮುಟ್ಟೋಗಂಟ ಕೆಳಕ್ಕಿಡ್ಬೇಡ" ಎಂದಳು. ನಂತರ ನನ್ನ ಕಡೆ ತಿರುಗಿದಳು. "ಮೋನಿ, ನೀನೂ ಜೊತೆಗೆ ಹೋಗು. ತುಂಬಿದ ಮಡ್ಲು ಒಂಟಿಯಾಗಿ ಹೋಗ್ಬಾರ್ದು."

ಅಪ್ಪ ಟಿಕೆಟ್ ತೆಗೆಸಿದ. ನನ್ನನ್ನು ಯಾರೂ ಕೇಳಲಿಲ್ಲ.

ಕೆಳಗಿಟ್ಟರೆ ಏನಾಗುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಅಜ್ಜಿಯ ಪಕ್ಕದಲ್ಲಿ ಮಲಗಿ ಬೆಳೆದವಳು ನಾನು. ಒಂದೂರಲ್ಲಿ ಒಬ್ಬಳು ಮಡಿಲಕ್ಕಿ ಹೊತ್ತು ಗಂಡನ ಮನೆಗೆ ಹೊರಟಳಂತೆ. ದಾರಿಯಲ್ಲಿ ಬಾಯಾರಿ, ಅಕ್ಕಿಯನ್ನು ಕಟ್ಟೆಯ ಮೇಲಿಟ್ಟು ನೀರು ಕುಡಿದಳಂತೆ. ಮುಖ ಒರೆಸಿಕೊಂಡು ಹಿಂತಿರುಗಿ ನೋಡಿದರೆ ಅಕ್ಕಿಯ ಜಾಗದಲ್ಲಿ ಆಳೆತ್ತರದ ಹುತ್ತ. ಹುತ್ತದ ಆಚೆಗೆ ತವರಿನ ದಾರಿಯೇ ಇಲ್ಲ.

ಕಾರು ಓಡಿಸಿದ್ದು ಶಿವಾಜಿನಗರದ ಅಕ್ತರ್. ನಮ್ಮ ಮನೆಯವರು ಆಸ್ಪತ್ರೆಗೆ, ಮದುವೆಗೆ ಯಾವಾಗಲೂ ಅವರನ್ನೇ ಕರೆಯುವುದು. ಕನ್ನಡಿಯಲ್ಲಿ ಅತ್ತೆಯನ್ನು ನೋಡಿ, "ಮೇಡಂ, ಬಾಜೂ ಸೀಟ್ ಖಾಲಿ ಇದೆ. ಆರಾಮಾಗಿ ಇಡಿ" ಎಂದರು.

"ಇಡಂಗಿಲ್ಲ."

ನಾನು ಹುತ್ತದ ಕಥೆ ಹೇಳಿದೆ. ಅಕ್ತರ್ ರೇಡಿಯೋ ಆಫ್ ಮಾಡಿದರು. ಅಲ್ಲಿಂದ ಮುಂದೆ ಹಂಪುಗಳನ್ನು ಮಲಗಿದ ಮಗುವನ್ನು ದಾಟುವ ಹಾಗೆ ದಾಟಿದರು.

"ಅತ್ತೆ, ನೀನು ಇದನ್ನೆಲ್ಲ ನಂಬ್ತೀಯಾ?"

"ಇಲ್ಲ."

"ಹಂಗಾದ್ರೆ ಪಕ್ಕಕ್ಕಿಡು. ಕೈ ನೋಯಲ್ವಾ?"

"ಇಡಲ್ಲ." ಹೆಬ್ಬಾಳ ದಾಟುವಾಗ ಮಡಿಲಿನ ಗಂಟು ಬಿಗಿಮಾಡಿಕೊಂಡಳು. "ಇಷ್ಟು ವರ್ಷ ಆ ಮನೆಗೆ ದಾರಿ ಇರ್ಲಿಲ್ಲ ಕಣೆ ನಂಗೆ. ಈಗ ಸಿಕ್ಕಿದೆ. ಸುಮ್ನೆ ರಿಸ್ಕ್ ಯಾಕೆ?"

ಏರ್‌ಪೋರ್ಟಿನ ಕೌಂಟರಿನಲ್ಲಿ ಬ್ಯಾಗು ತೂಗಿದರು. ಸರಿಯಾಗಿ ಏಳು. ಹುಡುಗಿ ಅತ್ತೆಯ ಹೊಟ್ಟೆ ನೋಡಿ, "ಮ್ಯಾಮ್, ವೀಲ್‌ಚೇರ್ ಬೇಕಾ?" ಎಂದು ಮೆಲ್ಲಗೆ ಕೇಳಿದಳು.

"ಬೇಡಮ್ಮ" ಎಂದಳು ಅತ್ತೆ. ಅಜ್ಜಿಯ ತರ್ಕ ಗೆದ್ದದ್ದು ಅಲ್ಲಿಯ ತನಕ ಮಾತ್ರ.

ಸೆಕ್ಯುರಿಟಿಯಲ್ಲಿ ಯೂನಿಫಾರ್ಮಿನ ಹೆಂಗಸೊಬ್ಬಳು ಟ್ರೇ ತಳ್ಳಿದಳು. ಮಾತು ಕೇಳಿದರೆ ರಾಯಚೂರು ಕಡೆಯವಳು.

"ಅದ್ರಾಗ ಏನೈತ್ರೀ?"

"ಅಕ್ಕಿ."

"ಸೀರ್ಯಾಗ ಅಕ್ಕಿ ಯಾಕ್ರೀ?" ಎಂದವಳು ಬಗ್ಗಿ ಹಸಿರು ಬಳೆ, ಕೊಬ್ಬರಿ ನೋಡಿದಳು. "ಓ, ಉಡಿ ತುಂಬ್ಯಾರ. ನಮ್ ಕಡೀನೂ ತುಂಬ್ತೀವ್ರಿ. ಟ್ರೇಕ್ಕ ಹಾಕ್ರಿ."

"ಕೆಳಗಿಡಂಗಿಲ್ಲ."

"ಗೊತ್ತದ್ರಿ. ಟ್ರೇಕ್ಕ ಹಾಕ್ರಿ. ಕೊಬ್ರಿ ಈ ಕಡೆ ತೆಗೀರಿ, ಅದು ವಿಮಾನ ಹತ್ತೂದಿಲ್ಲ."

ಅತ್ತೆ ಅಲ್ಲಾಡಲಿಲ್ಲ. ಹಿಂದೆ ನಿಂತಿದ್ದವನೊಬ್ಬ ಬೆಲ್ಟು ಬಿಚ್ಚಿ ಪ್ಯಾಂಟು ಹಿಡಿದುಕೊಂಡು, "ಬೇಗ ಮೇಡಂ" ಎಂದ. ಮಕ್ಕಳಿಗೆ ಎಣ್ಣೆಯ ದಹನಗುಣ ಕಲಿಸುವ ನನ್ನ ಅತ್ತೆ ಎರಡೂ ಕೈಯಲ್ಲಿ ಮಡಿಲು ಅವಚಿಕೊಂಡು, "ಫ್ಲೈಟ್ ಹೋದ್ರೆ ಹೋಗ್ಲಿ ಮೋನಿ. ನಾನು ಬಸ್ಸಿಗೆ ಹೋಗ್ತೀನಿ" ಎಂದಳು.

"ನಾಗಪುರಕ್ಕಾ?"

"ಹೂಂ."

ನಾವು ಸಾಲು ಬಿಟ್ಟು ಪಕ್ಕಕ್ಕೆ ಬಂದೆವು. ನಾನು ಅಜ್ಜಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

"ಅಜ್ಜಿ, ಮಡಿಲಕ್ಕೀನ ಟ್ರೇಗೆ ಇಡ್ಬೇಕಂತೆ. ಅತ್ತೆ ಇಡಲ್ಲ ಅಂತಿದಾಳೆ."

"ಯಾಕೆ?"

"ನೀನೇ ಹೇಳಿದ್ದಲ್ವಾ!"

"ಬಸ್ಸಲ್ಲಿ ಛತ್ರಿ ಮರ್ತು ಬರೋ ವಂಶ ನಮ್ದು. ಕೆಳಕ್ಕಿಡ್ಬೇಡ ಅನ್ದೆ ಇನ್ನೇನನ್ಲಿ?"

"ಮತ್ತೆ ಹುತ್ತದ ಕಥೆ? ದಾರಿ ಮುಚ್ಚೋಯ್ತು ಅಂತ?"

"ಅದು ಅರ್ಧ ಕಣೆ. ಹುತ್ತ ಬರೋ ಹೊತ್ಗೆ ನೀನು ಗೊರಕೆ. ಉಳಿದಿದ್ದು ಗೋಡೆಗೆ ಹೇಳ್ಲಾ?"

ನಾನು ನೆನಪು ಮಾಡಿಕೊಂಡೆ. ಹುತ್ತದ ಆಚೆಗೆ ನನಗೆ ನಿಜವಾಗಿಯೂ ಏನೂ ನೆನಪಿರಲಿಲ್ಲ.

"ಆಮೇಲೇನಾಯ್ತು?" ಕೇಳಿದ್ದು ಅತ್ತೆ.

ಫೋನಿನ ಆಚೆ ಅಜ್ಜಿ ಕುಕ್ಕರ್ ಇಳಿಸಿದ ಸದ್ದು ಕೇಳಿಸಿತು. ಕಥೆ ನೆನಪು ಮಾಡಿಕೊಳ್ಳುತ್ತಿದ್ದಳೋ, ಕಟ್ಟುತ್ತಿದ್ದಳೋ ಹೇಳಲಾರೆ.

"ಹುತ್ತದಿಂದ ಇರುವೆ ಬಂದ್ವು" ಎಂದಳು ಅಜ್ಜಿ. "ಒಂದೊಂದು ಕಾಳು ಹೊತ್ಕೊಂಡು ಸಾಲಾಗಿ ಹೊರಟ್ವು. ಮಗಳು ಹೋಗಿ ಎಷ್ಟೋ ಕಾಲ ಆಗಿತ್ತು. ತಾಯಿಗೆ ಮಗಳ ಮನೆ ಎಲ್ಲಿ ಅಂತ್ಲೇ ಗೊತ್ತಿಲ್ಲ, ಕೇಳ್ದೋಳೂ ಅಲ್ಲ, ಮುಂಡೇದು. ಆ ಇರುವೆ ಸಾಲು ಹಿಡ್ಕೊಂಡೇ ಹೋದ್ಲು. ಮಗಳ ಬಾಗ್ಲಿಗೇ ಹೋಗಿ ನಿಂತ್ಲು."

ಅತ್ತೆ ಮೂಗೊರೆಸಿಕೊಳ್ಳಲು ಕೈ ಎತ್ತಿದಳು. ಮಡಿಲು ಜಾರಿತು. ಮತ್ತೆ ಹಿಡಿದುಕೊಂಡಳು.

"ಅಮ್ಮ, ಕೊಬ್ಬರಿ ಬಿಡಲ್ವಂತೆ."

"ಅದನ್ನ ನಾನೇ ತರ್ತೀನಿ. ಕಣ್ಣಿನ ಡ್ರಾಪ್ಸು ಮುಗೀಲಿ."

"ನೀನು ತಂದ್ರೂ ಇಲ್ಲೇ ಹಿಡೀತಾರೆ."

ಅಜ್ಜಿ ತಡವರಿಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಹಂಗಾದ್ರೆ... ಬರಿಗೈಲಿ ಬರ್ಬೋದಾ ಹೇಮಾ?"

"ಬಾ" ಎಂದಳು ಅತ್ತೆ.

ನಾವು ಮತ್ತೆ ಸಾಲಿಗೆ ಹೋದೆವು. ಕೊಬ್ಬರಿಯನ್ನು ಕಸದ ಡಬ್ಬಕ್ಕೆ ಹಾಕಲು ಅತ್ತೆ ಒಪ್ಪಲಿಲ್ಲ. ಸರದಿ ಬರುವ ತನಕ ಇಬ್ಬರೂ ಒಂದೊಂದು ಗಿಟುಕು ಕಚ್ಚಿದೆವು, ಮಡಿಲಿನ ಬೆಲ್ಲ ಮುರಿದುಕೊಂಡು. ನನ್ನ ದವಡೆ ನೋಯತೊಡಗಿತು. ಬೆಲ್ಟು ಬಿಚ್ಚಿದವನಿಗೂ ಒಂದು ಚೂರು ಕೊಟ್ಟಾಯಿತು. ಅವನು ಇನ್ನೊಂದು ಕೇಳಿದ. ರಾಯಚೂರಿನವಳು ಮಾತ್ರ "ಡ್ಯೂಟಿ ಐತ್ರಿ" ಎಂದಳು.

ಅತ್ತೆ ಸೆರಗಿನ ಗಂಟು ಬಿಚ್ಚಿ ಅಕ್ಕಿಯನ್ನು ಟ್ರೇಗೆ ಇಳಿಸಿದಳು. ಅದು ಒಳಗೆ ಹೋಯಿತು, ಆ ಕಡೆಯಿಂದ ಬಂತು. ಅವಳು ಮತ್ತೆ ಮಡಿಲಿಗೆ ತುಂಬಿಕೊಂಡಳು. ಟ್ರೇಯ ಮೂಲೆಯಲ್ಲಿ ನಾಲ್ಕಾರು ಕಾಳು ಉಳಿದವು. ನಾನು ಬಳಿಯಲು ಹೋದೆ.

"ಬಿಡು, ಇರ್ಲಿ. ಅಮ್ಮ ಬರ್ಬೇಕಲ್ಲ" ಎಂದಳು ಅತ್ತೆ.

ಯಾರೋ ಆ ಟ್ರೇಯನ್ನು ಎತ್ತಿಕೊಂಡು ಹೋಗಿ ಟ್ರೇಗಳ ಸಾಲಿನ ಹಿಂದಕ್ಕೆ ಸೇರಿಸಿದರು.