ರೆಕಾರ್ಡಿನಲ್ಲಿದ್ದ ಅಪಸ್ವರ

ಅಕ್ಕನ ಗಂಡ ಸ್ಯಾಕ್ಸೊಫೋನ್ ನುಡಿಸುತ್ತಾರೆ, ನಾನು ಡ್ರಮ್ಸ್. ನಾವಿಬ್ಬರೂ ನುಡಿಸುವ ಜಾಝಿಗೆ ರಾಗವಿಲ್ಲ, ತಾಳದ ಲೆಕ್ಕವಿಲ್ಲ, ಹೀಗೆ ನುಡಿಸೋಣ ಎಂದು ಮುಂಚೆ ಮಾತಾಡಿಕೊಳ್ಳುವುದಂತೂ ಇಲ್ಲವೇ ಇಲ್ಲ. "ಅಟ್ಟದಿಂದ ಪಾತ್ರೆ ಉರುಳಿದ ಹಾಗಿದೆ" ಅನ್ನುತ್ತಾಳೆ ಅಕ್ಕ. ಅನ್ನಲಿ. ಇದನ್ನು ಸವಿಯಬೇಕಾದರೆ ಹಾಡು ಹುಡುಕಬಾರದು. ಇಬ್ಬರೂ ಒಬ್ಬರನ್ನೊಬ್ಬರು ಹೇಗೆ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಗಮನಿಸಬೇಕು. ನಾನು ಸಿಂಬಲ್ ತಟ್ಟೆಯ ಅಂಚನ್ನು ಉಗುರಿನಿಂದ ಕೆರೆದರೆ ಭಾವ ಬರೀ ಉಸಿರು ಬಿಡುತ್ತಿದ್ದರು. ಗುದ್ದಿದರೆ ಜಗಳಕ್ಕೇ ಬರುತ್ತಿದ್ದರು. ಮನೆಯಲ್ಲಿ ನನ್ನ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ನನ್ನನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದ ಮನುಷ್ಯ ಅವರೊಬ್ಬರೇ. ಅದಕ್ಕೇ ಅವರೆಂದರೆ ನನಗೆ ಪ್ರಾಣ.

ಹೋದ ವರ್ಷ ನಮ್ಮ ಒಂದು ಕಾರ್ಯಕ್ರಮ ರೆಕಾರ್ಡ್ ಆಗಿ ಹೊರಬಂತು. ಆವತ್ತು ನಡುವೆ ಸ್ಯಾಕ್ಸೊಫೋನಿನ ರೀಡು, ಅದೇ ತುಟಿಗಿಡುವ ತೆಳು ಪಟ್ಟಿ, ಒಣಗಿ ಕೀಚ್ ಎಂದು ಕಿರುಚಿತ್ತು. ಭಾವ ನಾಚಿ ನಕ್ಕಿದ್ದರು; ನಾನೂ ಕೋಲಿನ ತುದಿಯಿಂದ ಸಿಂಬಲನ್ನು ಹಾಗೇ ಕಿರುಚಿಸಿ ಮಾನ ಉಳಿಸಿದ್ದೆ. ಪತ್ರಿಕೆಯವರಿಗೆ ಅದೇ ಹಿಡಿಸಬೇಕೆ? "ಆತ್ಮದ ಆಕ್ರಂದನ" ಎಂದು ಬರೆದರು. ಹೊಗಳಿಕೆ ಎಂಥವರ ತಲೆಯನ್ನೂ ತಿರುಗಿಸುತ್ತದೆ.

ಮೊನ್ನೆ ದೊಡ್ಡ ಸಭಾಂಗಣದಲ್ಲಿ ಎರಡು ದಿನದ ಕಾರ್ಯಕ್ರಮ; ಮೊದಲ ದಿನವೇ ಒಂದು ಕುರ್ಚಿಯೂ ಖಾಲಿಯಿಲ್ಲ. ಭಾವ ಶುರು ಮಾಡಿದರು. ಎಲ್ಲೋ ಕೇಳಿದ ಹಾಗಿದೆಯಲ್ಲ ಅಂದುಕೊಂಡೆ. ದಾರಿ ತಿರುಗಿಸೋಣವೆಂದು ಡ್ರಮ್ಮಿನ ಮೇಲೆ ಮೆತ್ತಗೆ ತಂತಿ ಬ್ರಶ್ ಆಡಿಸಿದೆ. ಅವರು ತಿರುಗಲಿಲ್ಲ. ದೊಡ್ಡ ಡ್ರಮ್ಮನ್ನೇ ಒದ್ದೆ. ಗೋಡೆಗೆ ಒದ್ದ ಹಾಗಾಯಿತು. ಆಮೇಲೆ ಬಂತು ನೋಡಿ ಆ ಕೀಚ್, ಅದೇ ಜಾಗದಲ್ಲಿ, ಅಷ್ಟೇ ಉದ್ದಕ್ಕೆ. ಪುಣ್ಯಾತ್ಮ ತನ್ನದೇ ರೆಕಾರ್ಡ್ ಕೇಳಿ ಕೇಳಿ, ಅಪಸ್ವರವನ್ನೂ ಬಿಡದೆ ಬಾಯಿಪಾಠ ಮಾಡಿಕೊಂಡು ಬಂದಿದ್ದರು!

ಮೈಯೆಲ್ಲ ಉರಿದುಹೋಯಿತು. ಬಾಯಿಪಾಠಕ್ಕಲ್ಲ, ಅವರ ಸ್ವತ್ತು, ಏನಾದರೂ ಮಾಡಿಕೊಳ್ಳಲಿ. ಆದರೆ ಅಷ್ಟು ಹೊತ್ತೂ ಅವರ ಕಿವಿ ನನ್ನ ಕಡೆ ಇರಲೇ ಇಲ್ಲ. ಕೋಲುಗಳನ್ನು ಕೆಳಗಿಟ್ಟು ಕೈಕಟ್ಟಿ ಕೂತೆ. ನಾನು ಸುಮ್ಮನಾದದ್ದಾದರೂ ಕೇಳಿಸುತ್ತದೋ ನೋಡೋಣ ಅಂತ. ಭಾವ ಕಣ್ಣುಮುಚ್ಚಿಕೊಂಡು ಕೊನೆಯವರೆಗೂ ಒಪ್ಪಿಸಿ ಮುಗಿಸಿದರು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮುಂದಿನ ಸಾಲಿನ ವಿಮರ್ಶಕ ವೇದಿಕೆಗೇ ಹತ್ತಿಬಂದು ನನ್ನ ಕೈ ಹಿಡಿದುಕೊಂಡ. "ಆ ಕೂಗಾದ್ಮೇಲೆ ನೀವು ಸುಮ್ಮನಾದ್ರಲ್ಲ, ಮೈ ಜುಮ್ಮಂತು ಸಾರ್!" ಅಂದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ತೆರೆಯ ಹಿಂದೆ ಭಾವ ಕೂತು ಸ್ಯಾಕ್ಸೊಫೋನ್ ಒರೆಸುತ್ತಿದ್ದರು. ಎದುರಿಗೆ ಹೋಗಿ ನಿಂತೆ.

"ಭಾವ, ನಾನು ನಿಲ್ಸಿದ್ದು ಸಿಟ್ಟಿಗೆ. ನೀವು ನನ್ನ ಕೇಳಿಸಿಕೊಳ್ತಾನೇ ಇರ್ಲಿಲ್ಲ. ಇನ್ಮೇಲೆ ನಿಮ್ಮ ಜೊತೆ ನನ್ನ ಕೈಲಿ ಆಗಲ್ಲ."

ಅವರು ಎದ್ದು ನನ್ನ ಬೆನ್ನು ತಟ್ಟಿದರು. ಮುಖದಲ್ಲಿ ಇನ್ನೂ ಚಪ್ಪಾಳೆಯ ಬೆಳಕು.

"ಏನೇ ಹೇಳು, ಜನಕ್ಕೆ ಹುಚ್ಚು ಹಿಡಿಸ್ಬಿಟ್ಟೆ. ನಾಳೆನೂ ಅಲ್ಲೇ ನಿಲ್ಸು."