ಹಾಳೆ ಟೀಚರಮ್ಮ

ಪುಸ್ತಕದ ಮೂಲೆ ಮಡಚಿದರೂ ಮೈ ಉರಿಯುವ ನನ್ನ ಕಣ್ಣೆದುರೇ ಅವರು ಹೊಸ ಪುಸ್ತಕವೊಂದನ್ನು ಬೆನ್ನಗುಂಟ ಸೀಳಿ, ಹಾಳೆ ಹಾಳೆ ಬಿಡಿಸಿ ಮಕ್ಕಳಿಗೆ ಹಂಚಿಬಿಟ್ಟರು. ನಲವತ್ತು ಮಕ್ಕಳಿಗೆ ಬಂದದ್ದು ಒಂದೇ ಪುಸ್ತಕ. ಇಡಿಯಾಗಿಟ್ಟರೆ ಒಬ್ಬರು ಓದಿ ಉಳಿದವರು ಬಾಯಿ ನೋಡಬೇಕು, ಸೀಳಿದರೆ ಎಲ್ಲರ ಕೈಗೂ ಒಂದು ಹಾಳೆ. ಹಾಗಾಗಿ ಅವರು ಊರಿಗೆಲ್ಲ ಹಾಳೆ ಟೀಚರಮ್ಮ.

ಅವರ ಶಾಲೆಯಿದ್ದ ರಸ್ತೆಯದೇ ಮೇಲ್ತುದಿಯ ಇನ್ನೊಂದು ಶಾಲೆಯಲ್ಲಿ ನಾನು ಗ್ರಂಥಪಾಲಕ. ಅಲ್ಲಿ ಗಾಜಿನ ಬೀರು, ಬೀರುವಿನ ತುಂಬ ಯಾರ ಬೆರಳೂ ತಾಗದ ಪುಸ್ತಕಗಳು, ಬೀಗದ ಕೈ ನನ್ನ ಜೇಬಿನಲ್ಲಿ. ಭಾರದ ಚೀಲಕ್ಕೆ ಒಂದು ಭುಜ ಇಳಿಬಿಟ್ಟು, ನಡಿಗೆಯೋ ಓಟವೋ ತಿಳಿಯದ ಗತಿಯಲ್ಲಿ ಬಂದು ಅವರು ಪುಸ್ತಕ ಕೇಳುತ್ತಿದ್ದರು. ನಾನು ನಿಯಮ ಹೇಳುತ್ತಿದ್ದೆ. "ಇರಲಿ, ಮುಂದೆ?" ಎನ್ನುತ್ತಿದ್ದರು. ಸೂರು ಸೋರಿದರೂ, ಸೀಮೆಸುಣ್ಣ ಮುಗಿದರೂ ಅವರದು ಅದೇ ಮಾತು. ಹೋಗುವಾಗ ನನ್ನ ಕಸದ ಬುಟ್ಟಿಯಿಂದ ಒಂದು ಬದಿ ಖಾಲಿಯಿದ್ದ ಕಾಗದಗಳನ್ನೆಲ್ಲ ಆರಿಸಿಕೊಳ್ಳುತ್ತಿದ್ದರು.

ಒಂದು ವರ್ಷ ಆಜ್ಞೆ ಬಂತು: ಮಕ್ಕಳಿಗೆ ಸರಾಗವಾಗಿ ಓದಲು ಬಾರದಿದ್ದರೆ ಟೀಚರಮ್ಮನ ಶಾಲೆಗೆ ಬೀಗ. ಪರೀಕ್ಷಿಸಲು ಬಂದ ಇನ್‌ಸ್ಪೆಕ್ಟರರ ಜೊತೆ, ನಮ್ಮ ಬೀರುವಿನದೇ ಒಂದು ಕಥೆಪುಸ್ತಕ ಹಿಡಿದು ನಾನೂ ಹೋದೆ.

ಮೊದಲು ಎದ್ದವಳು ಪೊರಕೆ ಮಾರುವವಳ ಮಗಳು. ಎಂದೂ ಕಾಣದ ಪುಸ್ತಕವನ್ನು ಒಂದು ಕಡೆಯೂ ತಡವರಿಸದೆ ಓದಿದಳು. ಹಾಳೆ ಮಗುಚಿ ಹಿಂಬದಿಯನ್ನೂ ಓದಿ ಮುಗಿಸಿ, ಮುಂದಿನ ಪುಟ ಎದುರಿಗೇ ತೆರೆದಿದ್ದರೂ, ಪುಸ್ತಕವನ್ನು ಪಕ್ಕದವಳಿಗೆ ಚಾಚಿ ಕುಳಿತುಬಿಟ್ಟಳು.

"ಯಾಕಮ್ಮ, ಮುಂದೆ ಬರಲ್ವಾ?" ಎಂದರು ಇನ್‌ಸ್ಪೆಕ್ಟರ್, ಪೆನ್ನಿನ ಮುಚ್ಚಳ ತೆಗೆಯುತ್ತ.

"ನನ್ನ ಹಾಳೆ ಮುಗೀತಲ್ಲ ಸಾರ್. ಮುಂದಿನದು ಇವಳದ್ದು."

ಇನ್‌ಸ್ಪೆಕ್ಟರ್ ನಕ್ಕರು. ನಾನೂ ನಕ್ಕೆ, ಅದಕ್ಕೆ ಇಂದಿಗೂ ನಾಚಿಕೆಯಿದೆ. ಟೀಚರಮ್ಮ ನಗಲಿಲ್ಲ. ಹುಡುಗಿಯ ಪಕ್ಕದಲ್ಲಿ ಕುಳಿತು, ಎದುರಿನ ಪುಟದ ಮೇಲೆ ಬೆರಳಿಟ್ಟರು.

"ಇವತ್ತು ಎಲ್ಲಾ ಹಾಳೆನೂ ನಿಂದೇ ಕಣೇ. ಓದು."

ಅವಳು ಓದಿದಳು. ಇನ್‌ಸ್ಪೆಕ್ಟರ್ ಸಾಕೆಂದರೂ ಬಿಡಲಿಲ್ಲ, ಕಥೆ ಮುಗಿದ ಮೇಲೆಯೇ ತಲೆಯೆತ್ತಿದ್ದು. ಶಾಲೆ ಉಳಿಯಿತು.

ಹೊರಬಂದಾಗ ಟೀಚರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. "ಓದೋದು ಕಲಿಸಿದೆ ಸಾರ್. ಒಂದು ಕಥೇನ ಕೊನೇವರೆಗೂ ಒಬ್ಬರೇ ಓದಬಹುದು ಅಂತ ಆ ಮಕ್ಕಳಿಗೆ ಗೊತ್ತೇ ಇಲ್ಲ ನೋಡಿ." ಈ ಸಲ "ಇರಲಿ" ಎನ್ನಲಿಲ್ಲ. ಮರುದಿನ ನಾನು ನಿಯಮದ ಮಾತೆತ್ತದೆ ಬೀರು ತೆರೆದೆ.

ಇಂಥವರನ್ನು ನಾವು ಬಾಯ್ತುಂಬ ಹೊಗಳುತ್ತೇವೆ, ಹೊಗಳಿಕೆಗೆ ಖರ್ಚಿಲ್ಲ. ನನಗೀಗ ಹೊಗಳಲು ನಾಲಿಗೆ ಏಳುವುದಿಲ್ಲ. ಒಂದು ಪುಸ್ತಕವನ್ನು ನಲವತ್ತು ಮಾಡಬಲ್ಲವರು ಎಲ್ಲಿಯವರೆಗೆ ಇರುತ್ತಾರೋ, ಅಲ್ಲಿಯವರೆಗೆ ನಲವತ್ತು ಪುಸ್ತಕ ಕೊಡಬೇಕಾದ ನಾವು ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಹಾಯಾಗಿರುತ್ತೇವೆ.